ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ಹಾರ್ಮೋನು ಪರಿವರ್ತಕ ಕಿಣ್ವಗಳು

ಮಾನವ ಶರೀರವು ಕೋಟ್ಯನುಕೋಟಿ ಜೀವಕೋಶಗಳ ಒಂದು ಮಹಾಸಂಘಟನೆ. ಈ ಸಂಘಟನೆಯಲ್ಲಿ ಒಂದು ಅಂಗವು ಮತ್ತೊಂದು ಅಂಗಕ್ಕೆ ಸಂದೇಶ ಕಳುಹಿಸುವ ಮುಖ್ಯ ಸಾಧನಗಳಲ್ಲಿ ಹಾರ್ಮೋನುಗಳೂ ಒಂದು. ನಿರ್ನಾಳ ಗ್ರಂಥಿಗಳಲ್ಲಿ ಹುಟ್ಟಿ, ರಕ್ತದೊಡನೆ ಹರಿದು, ದೂರದ ಅಂಗಗಳ ಬೆಳವಣಿಗೆಯನ್ನೂ ವ್ಯಾಪಾರವನ್ನೂ ನಿಯಂತ್ರಿಸುವ ಈ ರಾಸಾಯನಿಕ ದೂತರ ವಿಷಯವನ್ನು ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳೂ ಪಠ್ಯದಲ್ಲಿ ಓದಿರುತ್ತಾರೆ. ಆದರೆ ಹಾರ್ಮೋನು ರಕ್ತದಲ್ಲಿ ಇದ್ದ ರೂಪದಲ್ಲಿಯೇ ಅಂಗದೊಳಗೆ ಕೆಲಸ ಮಾಡುತ್ತದೆಯೆ, ಅಥವಾ ಅಂಗವು ಅದನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಳ್ಳುತ್ತದೆಯೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ನಾವು ಕೇಳಿಕೊಳ್ಳುವುದಿಲ್ಲ. ಪುರುಷರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ವಿಷಯದಲ್ಲಿ ಈ ಪ್ರಶ್ನೆಯ ಮೇಲೆ ಸಾವಿರಾರು ರೋಗಿಗಳ ಆಯುಷ್ಯವೇ ನಿಂತಿದೆ. ಆ ಕಥನವನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ನಿರೂಪಿಸುವುದು ಈ ಲೇಖನದ ಉದ್ದೇಶ.

ಪ್ರಾಸ್ಟೇಟ್ ಗ್ರಂಥಿ

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಉಂಗುರದಂತೆ ಸುತ್ತುವರಿದು, ಹಸಿ ಅಡಿಕೆಯ ಗಾತ್ರದಲ್ಲಿರುವ ಗ್ರಂಥಿಯೇ ಪ್ರಾಸ್ಟೇಟ್. ಇದು ಪುರುಷರಲ್ಲಿ ಮಾತ್ರ ಇರುತ್ತದೆ. ವೀರ್ಯದ ದ್ರವಾಂಶದ ಒಂದು ಭಾಗವನ್ನು ಸ್ರವಿಸುತ್ತದೆ. ವಯಸ್ಸು ಐವತ್ತು ದಾಟಿದ ಮೇಲೆ ಅನೇಕರಲ್ಲಿ ಈ ಗ್ರಂಥಿ ಹಿಗ್ಗಿ ಮೂತ್ರನಾಳವನ್ನು ಒತ್ತುತ್ತದೆ. ಈ ಹಿಗ್ಗುವಿಕೆ ಬಹುಪಾಲು ನಿರುಪದ್ರವಿ. ಆದರೆ ಕೆಲವರಲ್ಲಿ ಇದೇ ಗ್ರಂಥಿಯಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಅದು ಗ್ರಂಥಿಯ ಮೇರೆಯನ್ನು ಮೀರಿದಾಗ ಬೆನ್ನುಮೂಳೆ, ಸೊಂಟದ ಮೂಳೆ ಮೊದಲಾದ ಎಲುಬುಗಳನ್ನು ಸೇರಿ ತೀವ್ರವಾದ ನೋವನ್ನು ಉಂಟುಮಾಡುವುದು ಇದರ ಸ್ವಭಾವ.

ಪ್ರಾಸ್ಟೇಟ್ ಗ್ರಂಥಿಯ ಜೀವನಾಡಿ ಪುರುಷ ಹಾರ್ಮೋನು. ವೃಷಣಗಳು ಬೆಳೆಯದಿದ್ದಲ್ಲಿ ಈ ಗ್ರಂಥಿಯೂ ಬೆಳೆಯುವುದಿಲ್ಲ. ವೃಷಣಗಳನ್ನು ತೆಗೆದರೆ ಪ್ರಾಣಿಗಳಲ್ಲಿ ಈ ಗ್ರಂಥಿ ಕುಗ್ಗುತ್ತದೆ ಎಂಬುದನ್ನು ಹದಿನೆಂಟನೆಯ ಶತಮಾನದಲ್ಲಿಯೇ ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಂಟರ್ ಗಮನಿಸಿದ್ದನು. ಆ ಅವಲೋಕನವು ಚಿಕಿತ್ಸೆಯ ರೂಪ ತಾಳಲು ಒಂದೂವರೆ ಶತಮಾನ ಬೇಕಾಯಿತು.

ಹಗ್ಗಿನ್ಸರ ಶೋಧನೆ

ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಹಗ್ಗಿನ್ಸ್ ಎಂಬ ಶಸ್ತ್ರವೈದ್ಯರು ನಾಯಿಗಳ ಪ್ರಾಸ್ಟೇಟ್ ಗ್ರಂಥಿಯ ಸ್ರಾವವನ್ನು ಅಧ್ಯಯನ ಮಾಡುತ್ತಿದ್ದರು. ಮನುಷ್ಯನಂತೆಯೇ ನಾಯಿಯಲ್ಲೂ ಮುಪ್ಪಿನಲ್ಲಿ ಈ ಗ್ರಂಥಿಯ ತೊಂದರೆಗಳು ತಾವಾಗಿಯೇ ಕಾಣಿಸಿಕೊಳ್ಳುವುದು ಅವರಿಗೆ ಅನುಕೂಲವಾಯಿತು. 1941ರಲ್ಲಿ ಅವರು ಕ್ಲಾರೆನ್ಸ್ ಹಾಜಸ್ ಅವರೊಡನೆ ಪ್ರಕಟಿಸಿದ ಪ್ರಬಂಧವು ವೈದ್ಯಲೋಕವನ್ನು ಬೆರಗುಗೊಳಿಸಿತು. ಎಲುಬಿಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳಿಗೆ ವೃಷಣಗಳನ್ನು ತೆಗೆದಾಗ, ಅಥವಾ ಸ್ತ್ರೀ ಹಾರ್ಮೋನನ್ನು ಕೊಟ್ಟಾಗ, ಅವರ ರಕ್ತದಲ್ಲಿ ಏರಿದ್ದ ಆಮ್ಲ ಫಾಸ್ಫಟೇಸ್ ಎಂಬ ಕಿಣ್ವದ ಪ್ರಮಾಣ ಇಳಿಯಿತು. ಈ ಬಗೆಯ ಚಿಕಿತ್ಸೆಯಿಂದ ಹಾಸಿಗೆ ಹಿಡಿದಿದ್ದ ಅನೇಕರ ನೋವು ಶಮನವಾಯಿತು. ಕ್ಯಾನ್ಸರ್ ಎಂಬುದು ದೇಹದ ಯಾವ ಅಂಕೆಗೂ ಒಳಪಡದ ಸ್ವೇಚ್ಛಾಚಾರಿ ಬೆಳವಣಿಗೆ ಎಂದು ಅಲ್ಲಿಯವರೆಗೆ ಭಾವಿಸಲಾಗಿತ್ತು. ಒಂದು ಹಾರ್ಮೋನನ್ನು ತಡೆದರೆ ಕ್ಯಾನ್ಸರ್ ಹಿಮ್ಮೆಟ್ಟಬಲ್ಲದು ಎಂದು ತೋರಿಸಿದ ಹಗ್ಗಿನ್ಸರಿಗೆ 1966ರ ನೊಬೆಲ್ ಪಾರಿತೋಷಕವು ಪೇಟನ್ ರೌಸ್ ಅವರೊಡನೆ ದೊರೆಯಿತು.

ಹಗ್ಗಿನ್ಸರ ವಿಧಾನದ ತತ್ತ್ವ ಇಂದಿಗೂ ಈ ರೋಗದ ಚಿಕಿತ್ಸೆಯ ತಳಹದಿಯಾಗಿಯೇ ಉಳಿದಿದೆ. ನಮ್ಮ ದೇಶದಲ್ಲಿ ವೆಚ್ಚ ಕಡಿಮೆಯೆಂಬ ಕಾರಣದಿಂದ ಇಂದಿಗೂ ಅನೇಕ ರೋಗಿಗಳಿಗೆ ವೃಷಣಗಳನ್ನು ತೆಗೆಯುವ ಶಸ್ತ್ರಕ್ರಿಯೆಯನ್ನೇ ಮಾಡಲಾಗುತ್ತದೆ. 1980ರ ದಶಕದಿಂದೀಚೆಗೆ ಪಿಟ್ಯುಟರಿ ಗ್ರಂಥಿಯ ಮೂಲಕ ವೃಷಣಗಳನ್ನು ನಿಷ್ಕ್ರಿಯಗೊಳಿಸುವ ಚುಚ್ಚುಮದ್ದುಗಳೂ ಬಳಕೆಗೆ ಬಂದಿವೆ. ಎರಡು ವಿಧಾನಗಳಲ್ಲಿಯೂ ರಕ್ತದಲ್ಲಿನ ಟೆಸ್ಟೊಸ್ಟೆರೋನ್ ಶೇಕಡಾ 90ಕ್ಕಿಂತ ಹೆಚ್ಚು ಇಳಿಯುತ್ತದೆ. ರೋಗಿ ಚೇತರಿಸಿಕೊಳ್ಳುತ್ತಾನೆ. ಆದರೆ ರೋಗವು ಹರಡಿದ ಮೇಲೆ ಈ ಚಿಕಿತ್ಸೆ ಪಡೆದವರಲ್ಲಿ ಬಹುಮಂದಿಗೆ ಕೆಲವು ತಿಂಗಳು ಅಥವಾ ವರ್ಷಗಳ ತರುವಾಯ ರೋಗ ಮರುಕಳಿಸುತ್ತದೆ. ರಕ್ತದಲ್ಲಿ ಹಾರ್ಮೋನು ಇಲ್ಲವೆನ್ನುವಷ್ಟು ಕಡಿಮೆಯಿದ್ದರೂ ಗಂತಿ ಬೆಳೆಯುತ್ತದೆ. ಇದನ್ನು ಕಂಡ ವೈದ್ಯರು, ಕ್ಯಾನ್ಸರ್ ಈಗ ಹಾರ್ಮೋನಿನ ಹಂಗನ್ನೇ ತೊರೆದಿದೆ ಎಂದು ನಿರ್ಣಯಿಸಿ, ಅದಕ್ಕೆ ‘ಹಾರ್ಮೋನು ಸ್ವತಂತ್ರ ಕ್ಯಾನ್ಸರ್’ ಎಂದು ಹೆಸರಿಟ್ಟರು. ಈ ಹೆಸರು ದಶಕಗಳ ಕಾಲ ಪ್ರಚಾರದಲ್ಲಿತ್ತು. ಹಾರ್ಮೋನಿನ ದಾರಿಯಲ್ಲಿ ಇನ್ನು ಮಾಡುವುದೇನೂ ಇಲ್ಲ ಎಂಬ ನಿರಾಶೆಯೂ ಆ ಹೆಸರಿನೊಳಗೇ ಅಡಗಿತ್ತು. ಅದು ಎಷ್ಟರ ಮಟ್ಟಿಗೆ ಸತ್ಯ ಎಂಬುದನ್ನು ತಿಳಿಯಬೇಕಾದರೆ ಗ್ರಂಥಿಯ ಕೋಶದೊಳಕ್ಕೆ ಇಣುಕಿ ನೋಡಬೇಕು.

ಟೆಸ್ಟೊಸ್ಟೆರೋನಿನ ರೂಪಾಂತರ

1968ರಲ್ಲಿ ಅಮೆರಿಕದ ಡಲ್ಲಾಸ್ ನಗರದ ನಿಕೊಲಸ್ ಬ್ರುಕೊವ್ಸ್ಕಿ ಮತ್ತು ಜೀನ್ ವಿಲ್ಸನ್ ಎಂಬ ವಿಜ್ಞಾನಿಗಳು, ಇಲಿಗಳಿಗೆ ವಿಕಿರಣಶೀಲ ಗುರುತುಳ್ಳ ಟೆಸ್ಟೊಸ್ಟೆರೋನನ್ನು ಕೊಟ್ಟು, ಅದು ಪ್ರಾಸ್ಟೇಟ್ ಕೋಶದ ಬೀಜಕೇಂದ್ರವನ್ನು ಯಾವ ರೂಪದಲ್ಲಿ ತಲಪುತ್ತದೆಂದು ಪರೀಕ್ಷಿಸಿದರು. ಅಲ್ಲಿ ಪ್ರಧಾನವಾಗಿ ಕಂಡುಬಂದದ್ದು ಟೆಸ್ಟೊಸ್ಟೆರೋನ್ ಅಲ್ಲ. ಅದಕ್ಕೆ ಎರಡು ಜಲಜನಕ ಪರಮಾಣುಗಳು ಸೇರಿ ಆದ ಡೈಹೈಡ್ರೊಟೆಸ್ಟೊಸ್ಟೆರೋನ್. ಈ ಮಾರ್ಪಾಟನ್ನು ನಡೆಸುವ ಕಿಣ್ವದ ಹೆಸರು 5-ಆಲ್ಫಾ ರಿಡಕ್ಟೇಸ್. ಕೋಶದಲ್ಲಿರುವ ಆಂಡ್ರೋಜನ್ ಗ್ರಾಹಿ ಎಂಬ ಪ್ರೋಟೀನಿಗೆ ಹಾರ್ಮೋನು ಅಂಟಿಕೊಂಡಾಗ, ಆ ಗ್ರಾಹಿಯು ಬೀಜಕೇಂದ್ರವನ್ನು ಹೊಕ್ಕು ಬೆಳವಣಿಗೆಗೆ ಬೇಕಾದ ಜೀನುಗಳನ್ನು ಎಚ್ಚರಿಸುತ್ತದೆ. ಟೆಸ್ಟೊಸ್ಟೆರೋನಿಗಿಂತ ಡೈಹೈಡ್ರೊಟೆಸ್ಟೊಸ್ಟೆರೋನ್ ಈ ಗ್ರಾಹಿಯನ್ನು ಹೆಚ್ಚು ಬಿಗಿಯಾಗಿ, ಹೆಚ್ಚು ಕಾಲ ಹಿಡಿದಿರುತ್ತದೆ. ಹೀಗಾಗಿ ಪ್ರಾಸ್ಟೇಟಿನ ಪಾಲಿಗೆ ರಕ್ತದಲ್ಲಿ ಬಂದ ಟೆಸ್ಟೊಸ್ಟೆರೋನ್ ಕಚ್ಚಾ ಸಾಮಗ್ರಿ; ಕಿಣ್ವವು ಅದರಿಂದ ಸಿದ್ಧಪಡಿಸಿದ್ದೇ ನಿಜವಾದ ಆಯುಧ.

ಈ ಕಿಣ್ವದ ಮಹತ್ತ್ವಕ್ಕೆ ನಿಸರ್ಗವೇ ಒಂದು ಪ್ರಮಾಣವನ್ನು ಒದಗಿಸಿತು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಸಲೀನಾಸ್ ಎಂಬ ಹಳ್ಳಿಯ ಕೆಲವು ಮನೆತನಗಳಲ್ಲಿ, ಹುಟ್ಟಿದಾಗ ಹೆಣ್ಣುಮಕ್ಕಳೆಂದು ಭಾವಿಸಲ್ಪಟ್ಟ ಕೆಲವರು ಪ್ರಾಯಕ್ಕೆ ಬಂದಾಗ ಪುರುಷ ಲಕ್ಷಣಗಳನ್ನು ತಳೆಯುತ್ತಿದ್ದರು. 1974ರಲ್ಲಿ ಜೂಲಿಯನ್ ಇಂಪೆರಾಟೊ ಮ್ಯಾಕ್‌ಗಿನ್ಲಿ ಮತ್ತು ಅವರ ಸಹೋದ್ಯೋಗಿಗಳು ಇದಕ್ಕೆ ಕಾರಣ 5-ಆಲ್ಫಾ ರಿಡಕ್ಟೇಸ್ ಕಿಣ್ವದ ಹುಟ್ಟುಕೊರತೆ ಎಂದು ತೋರಿಸಿದರು. ಇವರ ರಕ್ತದಲ್ಲಿ ಟೆಸ್ಟೊಸ್ಟೆರೋನಿಗೆ ಕೊರತೆಯಿರಲಿಲ್ಲ. ಆದರೂ ಅವರ ಪ್ರಾಸ್ಟೇಟ್ ಗ್ರಂಥಿ ಜೀವಮಾನವಿಡೀ ಚಿಕ್ಕದಾಗಿಯೇ ಉಳಿಯುತ್ತಿತ್ತು. ರಕ್ತದಲ್ಲಿ ಹಾರ್ಮೋನು ತುಂಬಿದ್ದರೂ ಅಂಗಾಂಶದಲ್ಲಿ ಕಿಣ್ವವಿಲ್ಲದಿದ್ದರೆ ಗ್ರಂಥಿ ಬೆಳೆಯದು ಎಂಬುದು ಇದರಿಂದ ಸಿದ್ಧವಾಯಿತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕ್ಯಾನ್ಸರಿನಲ್ಲಿ ನಾವು ಕಾಣಲಿರುವುದು ಇದರ ವಿಪರ್ಯಾಸವನ್ನು.

ಮುಂದೆ 1990 ಮತ್ತು 1991ರಲ್ಲಿ ಈ ಕಿಣ್ವಕ್ಕೆ ಒಂದಲ್ಲ, ಎರಡು ಜೀನುಗಳಿವೆ ಎಂಬುದು ಡಲ್ಲಾಸ್ ನಗರದಲ್ಲಿಯೇ ಪತ್ತೆಯಾಯಿತು. ಮೊದಲನೆಯ ಬಗೆಯ ಕಿಣ್ವದ ಜೀನು 5ನೆಯ ವರ್ಣತಂತುವಿನಲ್ಲಿಯೂ ಎರಡನೆಯ ಬಗೆಯದು 2ನೆಯ ವರ್ಣತಂತುವಿನಲ್ಲಿಯೂ ಇದೆ. ಆರೋಗ್ಯವಾಗಿರುವ ಪ್ರಾಸ್ಟೇಟಿನಲ್ಲಿ ಎರಡನೆಯ ಬಗೆಯದೇ ಪ್ರಧಾನ. ಚರ್ಮ ಮತ್ತು ಯಕೃತ್ತಿನಲ್ಲಿ ಮೊದಲನೆಯದು ಹೇರಳ. ಸಲೀನಾಸಿನ ಜನರಲ್ಲಿ ಕೆಟ್ಟಿದ್ದುದು ಎರಡನೆಯ ಬಗೆಯ ಜೀನು.

ಜೀನಿನ ಅಭಿವ್ಯಕ್ತಿ ಎಂದರೇನು?

ಮುಂದಿನ ವಿಷಯಕ್ಕೆ ಹೋಗುವ ಮೊದಲು ಒಂದು ಪಾರಿಭಾಷಿಕ ಪದವನ್ನು ವಿವರಿಸುವುದು ಅವಶ್ಯ. ಒಂದು ದೊಡ್ಡ ಗ್ರಂಥಭಂಡಾರವನ್ನು ಕಲ್ಪಿಸಿಕೊಳ್ಳೋಣ. ಅಲ್ಲಿರುವ ಮೂಲ ಓಲೆಗರಿಗಳನ್ನು ಹೊರಗೆ ಒಯ್ಯುವಂತಿಲ್ಲ. ಯಾರಿಗೆ ಯಾವ ಗರಿ ಬೇಕೋ ಅದನ್ನು ಲಿಪಿಕಾರನು ಪ್ರತಿಮಾಡಿ ಕೊಡುತ್ತಾನೆ. ನಮ್ಮ ಜೀವಕೋಶದ ಬೀಜಕೇಂದ್ರದಲ್ಲಿರುವ ಡಿಎನ್‌ಎ ಇಂತಹ ಒಂದು ಭಂಡಾರ. ಸುಮಾರು 20,000 ಪ್ರೋಟೀನುಗಳ ರಚನಾಸೂತ್ರಗಳು ಅದರಲ್ಲಿವೆ. ಕಣ್ಣಿನ ಕೋಶದಲ್ಲಾಗಲಿ ಪ್ರಾಸ್ಟೇಟಿನ ಕೋಶದಲ್ಲಾಗಲಿ ಇರುವುದು ಒಂದೇ ಭಂಡಾರ. ಆದರೆ ಯಾವ ಗರಿಯ ಎಷ್ಟು ಪ್ರತಿಗಳು ಹೊರಬರುತ್ತವೆ ಎಂಬುದು ಕೋಶದಿಂದ ಕೋಶಕ್ಕೆ ಬೇರೆ. ಈ ಪ್ರತಿಗೆ ದೂತ ಆರ್‌ಎನ್‌ಎ ಎಂದು ಹೆಸರು. ಈ ಪ್ರತಿಯನ್ನು ಓದಿ ಕೋಶವು ಪ್ರೋಟೀನನ್ನು ಕಟ್ಟುತ್ತದೆ. ಕಿಣ್ವಗಳೆಲ್ಲ ಬಹುಮಟ್ಟಿಗೆ ಪ್ರೋಟೀನುಗಳೇ. ಒಂದು ಜೀನಿನಿಂದ ಹೀಗೆ ಪ್ರತಿಗಳು ಹೊರಬಂದು ಪ್ರೋಟೀನು ತಯಾರಾಗುವುದನ್ನೇ ಆ ಜೀನಿನ ಅಭಿವ್ಯಕ್ತಿ ಎನ್ನುತ್ತಾರೆ.

ಶಸ್ತ್ರಕ್ರಿಯೆಯಲ್ಲಿ ತೆಗೆದ ಗಂತಿಯ ಒಂದು ಚೂರಿನಿಂದ ಆರ್‌ಎನ್‌ಎಯನ್ನು ಬೇರ್ಪಡಿಸಿ, ಯಾವ ಕಿಣ್ವದ ಪ್ರತಿಗಳು ಎಷ್ಟಿವೆ ಎಂದು ಅಳೆಯುವ ವಿಧಾನಗಳು ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪಳಗಿದವು. ಒಂದೇ ಚಿಪ್ಪಿನ ಮೇಲೆ ಸಾವಿರಾರು ಜೀನುಗಳ ಅಭಿವ್ಯಕ್ತಿಯನ್ನು ಏಕಕಾಲದಲ್ಲಿ ನೋಡುವುದೂ, ಸೂಕ್ಷ್ಮದರ್ಶಕದ ಕೆಳಗೆ ಲೇಸರ್ ಕಿರಣದಿಂದ ಕ್ಯಾನ್ಸರ್ ಕೋಶಗಳನ್ನಷ್ಟೇ ಕತ್ತರಿಸಿ ತೆಗೆಯುವುದೂ ಸಾಧ್ಯವಾಯಿತು. ಮರುಕಳಿಸಿದ ಕ್ಯಾನ್ಸರಿನ ಒಗಟನ್ನು ಬಿಡಿಸಲು ಈ ಸಾಧನಗಳು ನೆರವಾದವು.

ರಕ್ತದ ಸಾಕ್ಷ್ಯ, ಅಂಗಾಂಶದ ಸಾಕ್ಷ್ಯ

ಒಗಟಿನ ಒಂದು ಸುಳಿವು ವೈದ್ಯರ ಕಣ್ಣೆದುರಿಗೇ ಇತ್ತು. ಪ್ರಾಸ್ಟೇಟ್ ಕೋಶಗಳು ಪಿಎಸ್‌ಎ ಎಂಬ ಪ್ರೋಟೀನನ್ನು ರಕ್ತಕ್ಕೆ ಬಿಡುತ್ತವೆ. ರೋಗದ ಏರಿಳಿತವನ್ನು ತಿಳಿಯಲು ಇದರ ಪರೀಕ್ಷೆ 1980ರ ದಶಕದಿಂದ ರೂಢಿಯಲ್ಲಿದೆ. ಈ ಪಿಎಸ್‌ಎ ತಯಾರಾಗಬೇಕಾದರೆ ಆಂಡ್ರೋಜನ್ ಗ್ರಾಹಿಯ ಆಜ್ಞೆ ಬೇಕು. ವೃಷಣಗಳನ್ನು ತೆಗೆದಾಗ ಪಿಎಸ್‌ಎ ಇಳಿಯುವುದು ಇದರಿಂದಲೇ. ಹಾಗಾದರೆ ರೋಗ ಮರುಕಳಿಸುವಾಗ ಪಿಎಸ್‌ಎ ಮತ್ತೆ ಏರುವುದೇಕೆ? ಕೋಶದೊಳಗೆ ಆ ಗ್ರಾಹಿಯು ಪುನಃ ಎಚ್ಚೆತ್ತು ಆಜ್ಞೆ ಕೊಡುತ್ತಿದೆ ಎಂದಲ್ಲದೆ ಇದಕ್ಕೆ ಸಹಜವಾದ ಬೇರೆ ಅರ್ಥವಿಲ್ಲ. ಕ್ಯಾನ್ಸರ್ ನಿಜಕ್ಕೂ ಹಾರ್ಮೋನಿನ ವ್ಯವಸ್ಥೆಯಿಂದ ಸ್ವತಂತ್ರವಾಗಿದ್ದರೆ ಹೀಗಾಗಬೇಕಾಗಿರಲಿಲ್ಲ.

1995ರಲ್ಲಿ ಟಪಿಯೊ ವಿಸಕೊರ್ಪಿ ಮತ್ತು ಅವರ ಸಹೋದ್ಯೋಗಿಗಳು ಮರುಕಳಿಸಿದ 23 ಗಂತಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ 7ರಲ್ಲಿ ಆಂಡ್ರೋಜನ್ ಗ್ರಾಹಿಯ ಜೀನು ಅನೇಕ ಪಟ್ಟು ವೃದ್ಧಿಯಾಗಿರುವುದನ್ನು ಕಂಡರು. ಚಿಕಿತ್ಸೆಗೆ ಮೊದಲು ಅದೇ ರೋಗಿಗಳಿಂದ ತೆಗೆದಿದ್ದ ಗಂತಿಗಳಲ್ಲಿ ಈ ವೃದ್ಧಿ ಇರಲಿಲ್ಲ. ಹಾರ್ಮೋನಿನ ಬರಗಾಲದಲ್ಲಿ ಸಿಕ್ಕ ಹನಿಯನ್ನೂ ಬಿಡದೆ ಹಿಡಿಯಲು ಗಂತಿಯು ಗ್ರಾಹಿಗಳ ಸಂಖ್ಯೆಯನ್ನು ಹೆಚ್ಚಿಸಿಕೊಂಡಿತ್ತು.

ಇನ್ನು ಆ ಹನಿ ಎಲ್ಲಿಂದ ಬಂದಿತು? 2004ರಲ್ಲಿ ಜೇಮ್ಸ್ ಮೋಹ್ಲರ್ ಅವರ ತಂಡ ಮರುಕಳಿಸಿದ ಪ್ರಾಸ್ಟೇಟ್ ಗಂತಿಯ ಅಂಗಾಂಶದಲ್ಲಿಯೇ ಹಾರ್ಮೋನನ್ನು ಅಳೆದಾಗ, ವೃಷಣಗಳ ಸ್ರಾವ ನಿಂತಿದ್ದವರ ಅಂಗಾಂಶದಲ್ಲೂ ಟೆಸ್ಟೊಸ್ಟೆರೋನ್ ಸಾಮಾನ್ಯ ಪುರುಷರ ಗ್ರಂಥಿಯಲ್ಲಿರುವಷ್ಟೇ ಸುಮಾರಾಗಿ ಇರುವುದು ಕಂಡುಬಂದಿತು. ಡೈಹೈಡ್ರೊಟೆಸ್ಟೊಸ್ಟೆರೋನ್ ಬಹಳ ಕಡಿಮೆಯಾಗಿತ್ತಾದರೂ ಗ್ರಾಹಿಯನ್ನು ಎಚ್ಚರಿಸಲು ಸಾಕಾಗುವಷ್ಟಿತ್ತು. 2008ರಲ್ಲಿ ಸಿಯಾಟಲ್ ನಗರದ ಬ್ರೂಸ್ ಮಾಂಟ್ಗೊಮರಿ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮರಣದ ನಂತರ ತಮ್ಮ ದೇಹವನ್ನು ಕೆಲವೇ ಗಂಟೆಗಳೊಳಗೆ ಪರೀಕ್ಷೆಗೆ ಒಪ್ಪಿಸಲು ಬದುಕಿದ್ದಾಗಲೇ ಸಮ್ಮತಿಸಿದ್ದ ರೋಗಿಗಳ ಅಂಗಾಂಶಗಳು ಈ ಅಧ್ಯಯನಕ್ಕೆ ಆಧಾರವಾದವು. ವೃಷಣಗಳ ಹಾರ್ಮೋನು ಇಲ್ಲದಿದ್ದ ಈ ಪುರುಷರ ಹರಡಿದ ಗಂತಿಗಳಲ್ಲಿ ಪ್ರತಿ ಗ್ರಾಂ ಅಂಗಾಂಶಕ್ಕೆ 0.74 ನ್ಯಾನೊಗ್ರಾಂ ಟೆಸ್ಟೊಸ್ಟೆರೋನ್ ಇತ್ತು. ಯಾವ ಹಾರ್ಮೋನು ಚಿಕಿತ್ಸೆಯನ್ನೂ ಪಡೆಯದವರ ಮೂಲ ಗಂತಿಗಳಲ್ಲಿ ಇದ್ದುದು 0.23 ನ್ಯಾನೊಗ್ರಾಂ. ಎಂದರೆ, ರಕ್ತವು ಬರಡಾಗಿದ್ದರೂ ಗಂತಿಯ ಒಳಗೆ ಹಾರ್ಮೋನು ಮೂರು ಪಟ್ಟು ಹೆಚ್ಚಾಗಿತ್ತು. ಆ ರೋಗಿಗಳು ಬಿಟ್ಟುಹೋದ ಈ ಕಾಣಿಕೆಯಿಲ್ಲದಿದ್ದರೆ ಸತ್ಯ ಇಷ್ಟು ಸ್ಪಷ್ಟವಾಗಿ ಹೊರಬೀಳುತ್ತಿರಲಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಕಿಣ್ವಗಳ ಪಲ್ಲಟ

ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಈ ರಹಸ್ಯದ ಒಂದು ಕೀಲಿಕೈ. ಮನುಷ್ಯನಲ್ಲಿ ಈ ಗ್ರಂಥಿಗಳು ಡಿಎಚ್‌ಇಎ ಎಂಬ ದುರ್ಬಲವಾದ ಪೂರ್ವದ್ರವ್ಯವನ್ನು ಹೇರಳವಾಗಿ ರಕ್ತಕ್ಕೆ ಬಿಡುತ್ತವೆ. ವೃಷಣಗಳನ್ನು ತೆಗೆದರೂ ಇದರ ಸರಬರಾಜು ನಿಲ್ಲುವುದಿಲ್ಲ. ಇಲಿಗಳ ಅಡ್ರಿನಲ್ ಗ್ರಂಥಿಯಿಂದ ಇಂತಹ ಪೂರ್ವದ್ರವ್ಯ ಅತ್ಯಲ್ಪವಾಗಿ ಬರುವುದರಿಂದ, ಇಲಿಗಳ ಮೇಲಿನ ಪ್ರಯೋಗಗಳು ಈ ಮೂಲವನ್ನು ಬಹುಕಾಲ ಮರೆಮಾಡಿದವು. ಕೆನಡಾದ ಫರ್ನಾಂಡ್ ಲಾಬ್ರಿಯವರು ಅಂಗಾಂಶವು ಇಂತಹ ಪೂರ್ವದ್ರವ್ಯವನ್ನು ತನ್ನೊಳಗೇ ಹಾರ್ಮೋನಾಗಿಸಿಕೊಳ್ಳುತ್ತದೆಂಬ ವಿಚಾರವನ್ನು 1980ರ ದಶಕದಿಂದಲೂ ಪ್ರತಿಪಾದಿಸುತ್ತಿದ್ದರು.

ಕೋಟೆಯ ಸುತ್ತ ಮುತ್ತಿಗೆ ಹಾಕಿ ಹೊರಗಿನಿಂದ ಬರುವ ಅಕ್ಕಿಯನ್ನು ತಡೆದಾಗ, ಒಳಗಿನವರು ಭತ್ತವನ್ನು ತಾವೇ ಕುಟ್ಟಿಕೊಳ್ಳಲು ತೊಡಗಿದರೆ ಮುತ್ತಿಗೆ ನಿಷ್ಫಲವಾಗುತ್ತದೆ. ಕ್ಯಾನ್ಸರ್ ಮಾಡುವುದು ಇದನ್ನೇ. ಡಿಎಚ್‌ಇಎ ಎಂಬ ಭತ್ತ ಅಕ್ಕಿಯಾಗಬೇಕಾದರೆ ಮೂರು ಹಂತಗಳಿವೆ. ಮೊದಲ ಹಂತದಲ್ಲಿ ಎಚ್‌ಎಸ್‌ಡಿ3ಬಿ1 ಜೀನಿನ ಕಿಣ್ವವು ಅದನ್ನು ಆಂಡ್ರೋಸ್ಟಿನ್‌ಡಯೋನ್ ಆಗಿಸುತ್ತದೆ. ಎರಡನೆಯ ಹಂತದಲ್ಲಿ ಎಕೆಆರ್1ಸಿ3 ಜೀನಿನ ಕಿಣ್ವವು ಅದನ್ನು ಟೆಸ್ಟೊಸ್ಟೆರೋನ್ ಆಗಿಸುತ್ತದೆ. ಮೂರನೆಯ ಹಂತದಲ್ಲಿ 5-ಆಲ್ಫಾ ರಿಡಕ್ಟೇಸ್ ಅದನ್ನು ಡೈಹೈಡ್ರೊಟೆಸ್ಟೊಸ್ಟೆರೋನ್ ಆಗಿಸುತ್ತದೆ.

2006ರಲ್ಲಿ ಬಾಸ್ಟನ್ ನಗರದ ಸ್ಟೀವನ್ ಬಾಲ್ಕ್ ಅವರ ತಂಡವು, ಎಲುಬಿನ ಮಜ್ಜೆಗೆ ಹರಡಿ ಚಿಕಿತ್ಸೆಗೆ ಬಗ್ಗದ ಗಂತಿಗಳನ್ನು ಚಿಕಿತ್ಸೆಗೆ ಮೊದಲಿನ ಮೂಲ ಗಂತಿಗಳೊಡನೆ ಹೋಲಿಸಿತು. ಎಕೆಆರ್1ಸಿ3 ಜೀನಿನ ಅಭಿವ್ಯಕ್ತಿ ಹರಡಿದ ಗಂತಿಗಳಲ್ಲಿ ಐದು ಪಟ್ಟಿಗೂ ಮಿಕ್ಕಿ ಹೆಚ್ಚಾಗಿತ್ತು. 5-ಆಲ್ಫಾ ರಿಡಕ್ಟೇಸಿನ ವಿಷಯದಲ್ಲಿ ಕಂಡ ಬದಲಾವಣೆ ಇನ್ನೂ ಕುತೂಹಲಕರ. 2005ರ ಒಂದು ಅಧ್ಯಯನದಲ್ಲಿಯೂ ಆನಂತರದ ಹಲವು ಅಧ್ಯಯನಗಳಲ್ಲಿಯೂ, ಆರೋಗ್ಯವಂತ ಗ್ರಂಥಿಯಲ್ಲಿ ಪ್ರಧಾನವಾಗಿದ್ದ ಎರಡನೆಯ ಬಗೆಯ ಕಿಣ್ವ ಕ್ಯಾನ್ಸರಿನಲ್ಲಿ ಕ್ಷೀಣಿಸಿ, ಚರ್ಮದಲ್ಲಿ ಹೇರಳವಾಗಿರುವ ಮೊದಲನೆಯ ಬಗೆ ತಲೆಯೆತ್ತಿರುವುದು ಕಂಡುಬಂದಿದೆ. ಸಿಯಾಟಲ್ ನಗರದ ಅಧ್ಯಯನದಲ್ಲಿ ಇಷ್ಟೇ ಅಲ್ಲದೆ, ಸಾಮಾನ್ಯವಾಗಿ ವೃಷಣ ಮತ್ತು ಅಡ್ರಿನಲ್ ಗ್ರಂಥಿಗಳ ಸೊತ್ತಾದ ಸಿವೈಪಿ17ಎ1 ಎಂಬ ಜೀನೂ ಗಂತಿಗಳಲ್ಲಿ ಹೆಚ್ಚಾಗಿ ಅಭಿವ್ಯಕ್ತವಾಗಿತ್ತು.

ಈ ಪಲ್ಲಟಕ್ಕೆ ಒಂದು ಯುಕ್ತಿಯಿದೆ. ಮೊದಲನೆಯ ಬಗೆಯ 5-ಆಲ್ಫಾ ರಿಡಕ್ಟೇಸಿಗೆ ಟೆಸ್ಟೊಸ್ಟೆರೋನಿಗಿಂತ ಆಂಡ್ರೋಸ್ಟಿನ್‌ಡಯೋನ್ ಹೆಚ್ಚು ಪ್ರಿಯವಾದ ಆಹಾರ. ಅದನ್ನೇ ಮೊದಲು ಮಾರ್ಪಡಿಸಿ, ಅನಂತರ ಎಕೆಆರ್1ಸಿ3 ಮುಂತಾದ ಕಿಣ್ವಗಳ ಕೈಗೆ ಒಪ್ಪಿಸಿದರೆ, ಟೆಸ್ಟೊಸ್ಟೆರೋನ್ ಎಂಬ ನಡುಮನೆಯನ್ನು ಹೊಗದೆಯೇ ಡೈಹೈಡ್ರೊಟೆಸ್ಟೊಸ್ಟೆರೋನ್ ಸಿದ್ಧವಾಗುತ್ತದೆ. ಮರುಕಳಿಸಿದ ಕ್ಯಾನ್ಸರ್ ಕೋಶಗಳಲ್ಲಿ ಈ ಒಳದಾರಿಯೇ ಪ್ರಮುಖವೆಂದು 2011ರಲ್ಲಿ ನೀಮಾ ಷರೀಫಿಯವರ ತಂಡವು ತೋರಿಸಿತು.

ಒಂದೇ ಅಕ್ಷರದ ವ್ಯತ್ಯಾಸ

ಕಿಣ್ವದ ಪ್ರಮಾಣ ಹೆಚ್ಚಬೇಕಾದರೆ ಜೀನಿನ ಪ್ರತಿಗಳೇ ಹೆಚ್ಚಬೇಕೆಂಬ ನಿಯಮವಿಲ್ಲ. ತಯಾರಾದ ಕಿಣ್ವ ಬೇಗ ನಾಶವಾಗದೆ ಉಳಿದರೂ ಸಾಕು. 2013ರಲ್ಲಿ ಷರೀಫಿಯವರ ತಂಡವೇ ಎಚ್‌ಎಸ್‌ಡಿ3ಬಿ1 ಜೀನಿನಲ್ಲಿ ಇಂತಹ ಒಂದು ಭೇದವನ್ನು ಗುರುತಿಸಿತು. ಜೀನಿನ 1245ನೆಯ ಸ್ಥಾನದಲ್ಲಿ ಒಂದಕ್ಷರ ಬದಲಾದರೆ, ಕಿಣ್ವದ 367ನೆಯ ಅಮೈನೊ ಆಮ್ಲ ಬದಲಾಗುತ್ತದೆ. ಕೋಶದ ಕಸ ವಿಲೇವಾರಿ ವ್ಯವಸ್ಥೆಗೆ ಈ ಕಿಣ್ವವನ್ನು ಒಡೆಯುವುದು ಕಷ್ಟವಾಗುತ್ತದೆ. ಅದು ಕೋಶದಲ್ಲಿ ಕೂಡುತ್ತಾ ಹೋಗುತ್ತದೆ. ಈ ಭೇದವನ್ನು ಕೆಲವರು ತಂದೆತಾಯಿಗಳಿಂದಲೇ ಪಡೆದು ಹುಟ್ಟಿರುತ್ತಾರೆ. ಯುರೋಪ್ ಮೂಲದವರಲ್ಲಿ ಇದು ಸಾಮಾನ್ಯ. ಪೂರ್ವ ಏಷ್ಯಾದವರಲ್ಲಿ ವಿರಳ. ಇಂತಹವರಲ್ಲಿ ಹಾರ್ಮೋನು ತಡೆಯುವ ಚಿಕಿತ್ಸೆ ಬೇಗ ಸೋಲುವ ಸಂಭವ ಹೆಚ್ಚೆಂದು 2016ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

ಆದುದರಿಂದ ಅಂಗಾಂಶದಲ್ಲಿ ದೂತ ಆರ್‌ಎನ್‌ಎಯನ್ನು ಅಳೆದ ಮಾತ್ರಕ್ಕೆ ಎಲ್ಲವನ್ನೂ ತಿಳಿದಂತಾಗಲಿಲ್ಲ. ಪ್ರತಿಗಳ ಎಣಿಕೆ ಒಂದು, ಕಿಣ್ವದ ಪ್ರಮಾಣ ಇನ್ನೊಂದು, ಆ ಕಿಣ್ವ ನಿಜವಾಗಿ ಮಾಡುವ ಕೆಲಸ ಮತ್ತೊಂದು. ಇದಲ್ಲದೆ ಗಂತಿಯ ಚೂರಿನಲ್ಲಿ ಕ್ಯಾನ್ಸರ್ ಕೋಶಗಳ ಜೊತೆಗೆ ಆಧಾರ ಅಂಗಾಂಶದ ಕೋಶಗಳೂ ಬೆರೆತಿರುತ್ತವೆ. ಯಾವ ಪ್ರತಿ ಯಾರದೆಂದು ಬಿಡಿಸುವುದು ಸುಲಭವಲ್ಲ. ಒಬ್ಬ ರೋಗಿಯ ಗಂತಿಯಂತೆ ಇನ್ನೊಬ್ಬನದು ಇರುವುದಿಲ್ಲ. ಈ ಕಾರಣಗಳಿಂದ ಬೇರೆ ಬೇರೆ ಪ್ರಯೋಗಶಾಲೆಗಳ ಫಲಿತಾಂಶಗಳು ಕೆಲವೊಮ್ಮೆ ಒಂದಕ್ಕೊಂದು ಹೊಂದದಿರುವುದು ಆಶ್ಚರ್ಯವಲ್ಲ.

ಚಿಕಿತ್ಸೆಯ ಹೊಸ ಹಾದಿ

ಅಡ್ರಿನಲ್ ಮೂಲವನ್ನು ತಡೆಯಬೇಕೆಂಬ ಯೋಚನೆ ಸ್ವತಃ ಹಗ್ಗಿನ್ಸರಿಗೇ ಹೊಳೆದಿತ್ತು. 1945ರಲ್ಲಿ ಅವರು ವಿಲಿಯಂ ಸ್ಕಾಟ್ ಅವರೊಡನೆ ಎರಡೂ ಅಡ್ರಿನಲ್ ಗ್ರಂಥಿಗಳನ್ನು ತೆಗೆಯುವ ಶಸ್ತ್ರಕ್ರಿಯೆಯನ್ನು ವರದಿ ಮಾಡಿದರು. ಆದರೆ ಪ್ರಾಣಾಧಾರವಾದ ಇತರ ಹಾರ್ಮೋನುಗಳೂ ಆ ಗ್ರಂಥಿಗಳಿಂದಲೇ ಬರುವುದರಿಂದ, ಅಂದಿನ ಸ್ಥಿತಿಯಲ್ಲಿ ಆ ಮಾರ್ಗ ಮುಂದುವರಿಯುವಂತಿರಲಿಲ್ಲ. 1980ರ ದಶಕದಲ್ಲಿ ಶಿಲೀಂಧ್ರನಾಶಕವಾದ ಕೀಟೊಕೊನಜೋಲ್ ಎಂಬ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ಹಾರ್ಮೋನು ತಯಾರಿಕೆಯನ್ನು ತಡೆಯಲು ಪ್ರಯತ್ನಿಸಿದರು. ಅದರ ಪರಿಣಾಮ ಒರಟು, ಉಪದ್ರವಗಳು ಬಹಳ.

ಲಂಡನ್ನಿನ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ರಸಾಯನವಿಜ್ಞಾನಿಗಳು ಸಿವೈಪಿ17ಎ1 ಕಿಣ್ವವನ್ನು ನಿಖರವಾಗಿ ತಡೆಯುವ ಅಬಿರಟೆರೋನ್ ಎಂಬ ಔಷಧಿಯನ್ನು 1990ರ ದಶಕದಲ್ಲಿ ರೂಪಿಸಿದರು. ಈ ಕಿಣ್ವ ನಿಂತರೆ ವೃಷಣ, ಅಡ್ರಿನಲ್ ಗ್ರಂಥಿ, ಗಂತಿ ಈ ಮೂರು ಕಡೆಗಳಲ್ಲೂ ಪೂರ್ವದ್ರವ್ಯವೇ ಹುಟ್ಟುವುದಿಲ್ಲ. ರಾಸಾಯನಿಕ ಔಷಧಿಗಳೂ ಸೋತಿದ್ದ 1,195 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಈ ಔಷಧಿ ಪಡೆದವರ ಮಧ್ಯಸ್ಥ ಜೀವಿತಾವಧಿ 14.8 ತಿಂಗಳು, ಪಡೆಯದವರದು 10.9 ತಿಂಗಳು. ನಾಲ್ಕು ತಿಂಗಳೆಂಬುದು ಸಂಖ್ಯೆಯಲ್ಲಿ ಅಲ್ಪವೆನಿಸಬಹುದು. ಆದರೆ ‘ಹಾರ್ಮೋನು ಸ್ವತಂತ್ರ’ ಎಂದು ಕೈಬಿಡಲಾಗಿದ್ದ ರೋಗವು ಹಾರ್ಮೋನಿನ ತಯಾರಿಕೆಯನ್ನು ತಡೆದಾಗ ತಗ್ಗಿತೆಂಬುದೇ ಹಳೆಯ ಹೆಸರು ತಪ್ಪೆಂಬುದಕ್ಕೆ ಮನುಷ್ಯರಲ್ಲಿ ದೊರೆತ ಪ್ರಮಾಣವಾಯಿತು. 2017ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳು, ಚಿಕಿತ್ಸೆಯ ಆರಂಭದಲ್ಲಿಯೇ ಇದನ್ನು ಸೇರಿಸಿದರೆ ಪ್ರಯೋಜನ ಇನ್ನೂ ಹೆಚ್ಚೆಂದು ತೋರಿಸಿದವು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅತ್ಯಾವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಭಾರತದ ಔಷಧ ತಯಾರಕರೂ ಇದನ್ನು ಉತ್ಪಾದಿಸುತ್ತಿದ್ದಾರೆ.

ಕಿಣ್ವವನ್ನು ತಡೆಯುವುದೆಲ್ಲ ಸದಾ ನಿರಪಾಯಕರವೆಂದು ಭಾವಿಸಬಾರದು. ಎರಡನೆಯ ಬಗೆಯ 5-ಆಲ್ಫಾ ರಿಡಕ್ಟೇಸನ್ನು ಮುಖ್ಯವಾಗಿ ತಡೆಯುವ ಫಿನಾಸ್ಟರೈಡ್ ಎಂಬ ಮಾತ್ರೆಯನ್ನು ಆರೋಗ್ಯವಂತ ಪುರುಷರಿಗೆ ಕೊಟ್ಟು, ಕ್ಯಾನ್ಸರ್ ಬಾರದಂತೆ ತಡೆಯಬಹುದೆ ಎಂದು ಅಮೆರಿಕದಲ್ಲಿ 18,882 ಜನರ ಮೇಲೆ ಪರೀಕ್ಷಿಸಲಾಯಿತು. 2003ರಲ್ಲಿ ಪ್ರಕಟವಾದ ಫಲಿತಾಂಶದಂತೆ ಏಳು ವರ್ಷಗಳಲ್ಲಿ ಕ್ಯಾನ್ಸರ್ ಕಂಡುಬಂದವರ ಪ್ರಮಾಣ ಶೇಕಡಾ 24.4ರಿಂದ 18.4ಕ್ಕೆ ಇಳಿದಿತ್ತು. ಆದರೆ ಉಗ್ರ ಸ್ವರೂಪದ ಕ್ಯಾನ್ಸರ್ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 6.4, ಉಳಿದವರಲ್ಲಿ ಶೇಕಡಾ 5.1 ಆಗಿತ್ತು. ಈ ಏರಿಕೆ ನಿಜವೆ, ಪರೀಕ್ಷಾ ವಿಧಾನದಿಂದ ಹಾಗೆ ತೋರಿತೆ ಎಂಬ ಚರ್ಚೆ ಹತ್ತು ವರ್ಷ ನಡೆಯಿತು. 2013ರಲ್ಲಿ ದೀರ್ಘಕಾಲದ ಲೆಕ್ಕ ತೆಗೆದಾಗ ಎರಡು ಗುಂಪುಗಳ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಅಬಿರಟೆರೋನಿಗೂ ಕಾಲಕ್ರಮದಲ್ಲಿ ಗಂತಿಯು ಪ್ರತಿರೋಧವನ್ನು ಬೆಳೆಸಿಕೊಳ್ಳುತ್ತದೆ. ಕೆಲವು ಗಂತಿಗಳು ಹಾರ್ಮೋನಿನ ಸ್ಪರ್ಶವಿಲ್ಲದೆಯೇ ಎಚ್ಚೆತ್ತಿರುವ ಮೊಟಕು ಗ್ರಾಹಿಯನ್ನು ತಯಾರಿಸುತ್ತವೆ. ಕೆಲವು ನಿಜವಾಗಿಯೇ ಹಾರ್ಮೋನಿನ ವ್ಯವಸ್ಥೆಯನ್ನು ತೊರೆದು ಬೇರೆ ಸ್ವಭಾವವನ್ನು ತಾಳುತ್ತವೆ. ಎಕೆಆರ್1ಸಿ3 ಕಿಣ್ವವನ್ನೇ ನೇರವಾಗಿ ತಡೆಯುವ ಔಷಧಿಗಳ ಅನ್ವೇಷಣೆ ನಡೆದಿದೆ.

ಉಪಸಂಹಾರ

ಈ ದೀರ್ಘ ಕಥನದಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ರಕ್ತದ ಪರೀಕ್ಷೆ ತಿಳಿಸುವುದು ರಕ್ತದ ಸಮಾಚಾರವನ್ನು ಮಾತ್ರ. ಅಂಗಾಂಶದ ಒಳಗಿನ ಸಮಾಚಾರ ಅದಕ್ಕೆ ವಿರುದ್ಧವಾಗಿರಬಹುದು. ಇರುವ ವಸ್ತುವನ್ನು ಇಲ್ಲವೆಂದು ತಿಳಿದು ಒಂದು ಹೆಸರಿಟ್ಟ ಕಾರಣ, ದಶಕಗಳ ಕಾಲ ರೋಗಿಗಳ ಮುಂದೆ ಒಂದು ಬಾಗಿಲು ಮುಚ್ಚಿತ್ತು. ಅಂಗಾಂಶವನ್ನೇ ಅಳೆದು ನೋಡುವ ತಾಳ್ಮೆ ಆ ಬಾಗಿಲನ್ನು ತೆರೆಯಿತು. ಇಂದು ವೈದ್ಯರು ‘ಹಾರ್ಮೋನು ಸ್ವತಂತ್ರ’ ಎಂಬ ಮಾತನ್ನು ಬಿಟ್ಟು, ‘ವೃಷಣಚ್ಛೇದನಕ್ಕೆ ಪ್ರತಿರೋಧಿಯಾದ ಕ್ಯಾನ್ಸರ್’ ಎಂದು ಕರೆಯುತ್ತಾರೆ. ಹೆಸರಿನ ಈ ಬದಲಾವಣೆಯ ಹಿಂದೆ ಅನೇಕರ ಶ್ರಮವಿದೆ, ಅನೇಕ ರೋಗಿಗಳ ದಾನವಿದೆ.

ವಿಜ್ಞಾನವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಮಿತ್ರರು ಇದರಿಂದ ಕಲಿಯಬೇಕಾದುದಿದೆ. ರೂಢಿಯಲ್ಲಿರುವ ಹೆಸರು ನಿರ್ಣಯವೆಂದು ತೋರಿದಾಗ, ಅದರ ಕೆಳಗೆ ಅಳತೆಯಿದೆಯೆ ಎಂದು ಕೇಳಬೇಕು. ಮನೆಯ ಹಿರಿಯರಿಗೂ ಒಂದು ಮಾತು ಸಲ್ಲುತ್ತದೆ. ಮೂತ್ರದ ಧಾರೆ ಕುಗ್ಗುವುದು, ರಾತ್ರಿ ಮತ್ತೆ ಮತ್ತೆ ಏಳಬೇಕಾಗುವುದು, ಮೂತ್ರದಲ್ಲಿ ರಕ್ತ ಕಾಣುವುದು, ಬಿಡದ ಬೆನ್ನುನೋವು, ಇವುಗಳನ್ನು ವಯೋಧರ್ಮವೆಂದೋ ಹೇಳಿಕೊಳ್ಳಬಾರದ ವಿಷಯವೆಂದೋ ಮುಚ್ಚಿಡುವುದು ಉಚಿತವಲ್ಲ. ಇವುಗಳಲ್ಲಿ ಹೆಚ್ಚಿನವು ನಿರುಪದ್ರವಿಯಾದ ಹಿಗ್ಗುವಿಕೆಯಿಂದಲೇ ಆಗಿರಬಹುದು. ಆದರೆ ಅದನ್ನು ನಿರ್ಣಯಿಸಬೇಕಾದವರು ವೈದ್ಯರು. ರೋಗವು ಗ್ರಂಥಿಯೊಳಗೇ ಇರುವಾಗ ತಿಳಿದುಬಂದರೆ ಶಸ್ತ್ರಕ್ರಿಯೆಯಿಂದಲೋ ವಿಕಿರಣ ಚಿಕಿತ್ಸೆಯಿಂದಲೋ ಅದನ್ನು ಪೂರ್ಣವಾಗಿ ಗುಣಪಡಿಸುವ ಅವಕಾಶವಿದೆ. ಹರಡಿದ ಮೇಲಾದರೂ ಹಿಂದಿನವರಿಗೆ ಇಲ್ಲದಿದ್ದ ಕೆಲವು ವರ್ಷಗಳನ್ನು ಇಂದಿನ ರೋಗಿಗೆ ದೊರಕಿಸಿಕೊಡಲು ಸಾಧ್ಯವಾಗಿದೆ.